ದೀಪ ದೂರವಾದಷ್ಟೂ ತಂತಿ ದಪ್ಪ

ನನ್ನದು ಪಾಂಡವಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಪಂಪ್‌ಸೆಟ್ಟಿನ ಮೋಟರ್ ಸುಟ್ಟರೆ ಹಳೆಯ ಸುರುಳಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಕಲಿತದ್ದು ಶ್ರೀರಂಗಪಟ್ಟಣದಲ್ಲಿ, ಕೋಟೆಯೊಳಗಿನ ಒಂದು ಸಣ್ಣ ಅಂಗಡಿಯಲ್ಲಿ. ಅಲ್ಲಿದ್ದ ನಮ್ಮ ಮೇಸ್ತ್ರಿ ಮೊದಲ ಆರು ತಿಂಗಳು ನನ್ನ ಕೈಗೆ ಮೋಟರ್ ಕೊಡಲೇ ಇಲ್ಲ. ತುಂಡು ತಂತಿಗಳ ಒಂದು ಡಬ್ಬ ಮುಂದಿಟ್ಟು, "ಕಣ್ಮುಚ್ಕೊ, ಬೆರಳಲ್ಲಿ ಹಿಡಿ, ನಂಬರ್ ಹೇಳು" ಅನ್ನುತ್ತಿದ್ದರು. ಹೆಬ್ಬೆರಳು ತೋರುಬೆರಳ ನಡುವೆ ತಂತಿಯನ್ನು ಹೊರಳಿಸಿ, ಇದು ಹದಿನೆಂಟು, ಇದು ಇಪ್ಪತ್ತು, ಇದು ಇಪ್ಪತ್ತೆರಡು ಅಂತ ಹೇಳಬೇಕು.

ಇದರಲ್ಲೊಂದು ತಮಾಷೆ ಇದೆ. ಹದಿನೆಂಟಕ್ಕಿಂತ ಇಪ್ಪತ್ತೆರಡು ದಪ್ಪ ಅಂತ ಯಾರಾದರೂ ತಿಳಿಯುತ್ತಾರೆ. ಗೇಜ್ ಲೆಕ್ಕದಲ್ಲಿ ಅದು ತಲೆಕೆಳಗು. ನಂಬರ್ ಏರಿದಂತೆ ತಂತಿ ಸಣ್ಣ. ತಂತಿ ಎಳೆಯುವವರು ದಪ್ಪನೆಯ ತಾಮ್ರದ ಸರಳನ್ನು ಒಂದು ತೂತಿನೊಳಗೆ ತೂರಿಸಿ ಎಳೆಯುತ್ತಾರೆ, ಆಮೇಲೆ ಅದಕ್ಕಿಂತ ಸಣ್ಣ ತೂತು, ಆಮೇಲೆ ಇನ್ನೂ ಸಣ್ಣದು. ಎಷ್ಟು ಸಲ ಎಳೆದರೋ ಅಷ್ಟನೆಯ ನಂಬರು. ಶ್ಯಾವಿಗೆ ಒರಳಿಗೆ ಒಂದೊಂದೇ ಸಣ್ಣ ಬಿಲ್ಲೆ ಬದಲಾಯಿಸುತ್ತಾ ಹೋದ ಹಾಗೆ. ಮನೆಯ ವೈರಿಂಗಿಗೆ ಆಗ "ಮೂರು-ಇಪ್ಪತ್ತೆರಡು", "ಏಳು-ಇಪ್ಪತ್ತು" ಅಂತ ಕೇಳಿ ತರುತ್ತಿದ್ದೆವು. ಏಳು-ಇಪ್ಪತ್ತು ಅಂದರೆ ಇಪ್ಪತ್ತನೇ ನಂಬರಿನ ಏಳು ಎಳೆ. ಅಜ್ಜಂದಿರಿಗೆ ಇದು ನೆನಪಿರುತ್ತದೆ. ಈಗಿನ ಮಕ್ಕಳು ನೋಡುವ ಡಬ್ಬಿಗಳ ಮೇಲೆ ಒಂದು, ಒಂದೂವರೆ, ಎರಡೂವರೆ, ನಾಲ್ಕು ಅಂತ ಸ್ಕ್ವೇರ್ ಎಂಎಂ ಲೆಕ್ಕ ಇರುತ್ತದೆ. ಅದು ತಂತಿಯನ್ನು ಅಡ್ಡ ಕತ್ತರಿಸಿದರೆ ಕಾಣುವ ತಾಮ್ರದ ವಿಸ್ತೀರ್ಣ. ಇದರಲ್ಲಿ ನಂಬರ್ ದೊಡ್ಡದಾದರೆ ತಂತಿಯೂ ದಪ್ಪ. ಸದ್ಯ, ಒಂದಾದರೂ ನೆಟ್ಟಗಾಯಿತು.

ಮಗಳನ್ನು ಕೆ.ಆರ್. ಪೇಟೆ ತಾಲ್ಲೂಕಿಗೆ ಕೊಟ್ಟಿದ್ದೇವೆ. ಅಳಿಯ ಒಳ್ಳೆಯ ದುಡಿಮೆಗಾರ. ಮೊದಲು ಅವನ ಹತ್ತಿರ ಪವರ್ ಟಿಲ್ಲರ್ ಇತ್ತು. ಗದ್ದೆಗೆ ಅದು ಸರಿ, ಆದರೆ ದಿನವಿಡೀ ಅದರ ಹಿಂದೆ ನಡೆದವನ ಕಾಲು ಕೇಳಬೇಕು. ಮೊನ್ನೆ ಮೊನ್ನೆ ನಾಗಮಂಗಲದ ಕಡೆ ಒಬ್ಬರಿಂದ 18 ಎಚ್‌ಪಿಯ ಹಳೆಯ ಮಿನಿ ಟ್ರಾಕ್ಟರ್ ಕೊಂಡ. ಅಲ್ಲೆಲ್ಲ ತೆಂಗಿನ ತೋಟ ಜಾಸ್ತಿ. ದೊಡ್ಡ ಟ್ರಾಕ್ಟರಿಗೆ ತೋಟದೊಳಗೆ ತಿರುಗುವ ಜಾಗ ಸಾಲದು, ಎಳೆ ಗಿಡದ ಗರಿ ಬೇರೆ ಅಡ್ಡ. ಈ ಪುಟಾಣಿ ಗಾಡಿ ಸಾಲಿನ ನಡುವೆ ಆಡಿನ ಮರಿಯ ಹಾಗೆ ನುಗ್ಗುತ್ತದೆ. ಹಗಲು ತೋಟದ ಉಳುಮೆ ಬಾಡಿಗೆಗೆ ಹೋಗುತ್ತಾನೆ. ಕಬ್ಬಿನ ಕಾಲದಲ್ಲಿ ರಾತ್ರಿ ಸಣ್ಣ ಟ್ರೇಲರ್ ಕಟ್ಟಿ ಪಾಂಡವಪುರದ ಕಡೆಯ ಆಲೆಮನೆಗೆ ಕಬ್ಬು ಸಾಗಿಸುತ್ತಾನೆ. ಬೆಳಗಿನ ಜಾವ ಗಾಣ ಶುರುವಾಗುವ ಹೊತ್ತಿಗೆ ಕಬ್ಬು ಅಲ್ಲಿರಬೇಕು.

ಒಂದು ರಾತ್ರಿ ಹಾಗೆ ಬಂದವನು ನಮ್ಮ ಮನೆಯಲ್ಲೇ ಉಳಿದ. ಊಟಕ್ಕೆ ಕೂತಾಗ, "ಲೈಟು ಮಂಕು ಮಾವ, ಬಲ್ಬ್ ಬದಲಾಯಿಸ್ದೆ, ಆದ್ರೂ ಎಣ್ಣೆ ದೀಪದಂಗೆ ಉರೀತದೆ" ಅಂದ. ಮಾತು ಅಷ್ಟೇ. ಆದರೆ ಅವನು ಬಂದ ದಾರಿ ನಾಲೆ ಏರಿಯದು. ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ವಿ.ಸಿ. ನಾಲೆಗೆ ಬಸ್ಸು ಉರುಳಿ 30 ಜನ ತೀರಿಕೊಂಡರು. ಅದು ಹಾಡಹಗಲಲ್ಲಿ ಆದದ್ದು. ಒಂದು ಕಡೆ ತುಂಬಿದ ನಾಲೆ, ಒಂದು ಕಡೆ ತಗ್ಗಿನ ಗದ್ದೆ, ನಡುವೆ ಎಣ್ಣೆ ದೀಪದಂಥ ಹೆಡ್‌ಲೈಟು. ನನಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. "ನಾಳೆ ಗಾಡಿ ಇಲ್ಲೇ ಇರ್ಲಿ" ಅಂದೆ.

ಬೆಳಿಗ್ಗೆ ಸೀಟು ಎತ್ತಿದೆವು. ಎಂಟನೇ ತರಗತಿಯ ಮೊಮ್ಮಗಳು ರಜಕ್ಕೆ ಬಂದಿದ್ದಳು, ಅವಳೂ ಜೊತೆಗೆ. ಬ್ಯಾಟರಿ ಬಾಯಲ್ಲಿ ಮೀಟರ್ ಇಟ್ಟರೆ 12.4 ವೋಲ್ಟ್. ಲೈಟ್ ಹಾಕಿ ಹೆಡ್‌ಲೈಟಿನ ಬಾಯಲ್ಲಿ ನೋಡಿದರೆ 10.3. ದಾರಿಯಲ್ಲೇ ಎರಡು ವೋಲ್ಟ್ ಮಂಗಮಾಯ. ಎರಡು ತಾನೆ ಅಂತ ಅನ್ನಬೇಡಿ. ತಂತಿ ಕಾದು ಉರಿಯುವ ಈ ಬಲ್ಬುಗಳ ಗುಣವೇ ಬೇರೆ. ವೋಲ್ಟು ಹತ್ತರಲ್ಲಿ ಒಂದು ಪಾಲು ಇಳಿದರೆ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ನಮ್ಮ ಗಾಡಿಯಲ್ಲಿ ಬೆಳಕು ಹತ್ತಿರಹತ್ತಿರ ಅರ್ಧವಾಗಿತ್ತು.

ಕಾರಣ ಹುಡುಕಲು ಹೊತ್ತು ಬೇಕಾಗಲಿಲ್ಲ. ಹಿಂದೆ ಯಾರೋ ಹಳೆಯ ವೈರಿಂಗ್ ಕಿತ್ತು, ಮುಕ್ಕಾಲು ಎಂಎಂ ವೈರು ಎಳೆದಿದ್ದರು. ಅದರಲ್ಲೂ ನಾಲ್ಕು ಕಡೆ ಗಂಟು, ಮೇಲೆ ಟೇಪು. ಒಂದು ಕಡೆ ವೈರಿನ ಮೇಲ್ಪದರ ಬಿಸಿಗೆ ಕರಗಿ ಡೀಸೆಲ್ ಪೈಪಿನ ಪಕ್ಕ ಅಂಟಿಕೊಂಡಿತ್ತು. ಇಷ್ಟಾದರೂ ಫ್ಯೂಸ್ ಯಾಕೆ ಹೋಗಲಿಲ್ಲ ಅಂತ ಡಬ್ಬಿ ತೆಗೆದರೆ, ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಹೊಸೆದು ಸಿಕ್ಕಿಸಿದ್ದರು. ಇದನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಫ್ಯೂಸ್ ಇರುವುದು ಬಲ್ಬನ್ನು ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. ವೈರು ಕಾಯ್ದು ಕೆಂಪಾಗುವ ಮೊದಲು ತಾನು ಸತ್ತು ದಾರಿ ಮುರಿಯಬೇಕಾದ್ದು ಅದು. ಟ್ರಾಕ್ಟರ್ ಬ್ಯಾಟರಿ ನೋಡಲು ಸಾಧು. ಎರಡು ಬಾಯಿ ಕೂಡಿದರೆ ನೂರಾರು ಆಂಪಿಯರ್ ಉಗುಳುತ್ತದೆ. ಹಿಂದೆ ಟ್ರೇಲರ್ ತುಂಬ ಕಬ್ಬು, ಅದರ ಒಣ ತರಗು. ಇದರ ಮೇಲೆ ಕೂತು ಅಳಿಯ ಎಷ್ಟು ರಾತ್ರಿ ಬಂದಿದ್ದನೋ.

ಪೂರ್ತಿ ಕಿತ್ತು ಹೊಸದಾಗಿ ಎಳೆಯೋಣ ಅಂದೆ. ಅಂಗಡಿಯಿಂದ ತರಬೇಕಾದ ವೈರಿನ ಪಟ್ಟಿ ನೋಡಿ ಅಳಿಯ ಮುಖ ಸಣ್ಣಗೆ ಮಾಡಿದ. ತಾಮ್ರದ ಬೆಲೆ ಯಾರಿಗೆ ಗೊತ್ತಿಲ್ಲ! "ಹನ್ನೆರಡೇ ವೋಲ್ಟು ಮಾವ. ಕೈಲಿ ಹಿಡ್ಕಂಡ್ರೂ ಶಾಕ್ ಹೊಡೆಯಲ್ಲ. ಮನೇಲಿ ಇನ್ನೂರಮೂವತ್ತು ವೋಲ್ಟಿಗೆ ಒಂದೂವರೆ ಎಂಎಂ ಸಾಕಾಯ್ತದೆ, ಇದಕ್ಕೆ ಇಷ್ಟು ದಪ್ಪ ಯಾಕೆ?"

ಕೇಳಬೇಕಾದ ಪ್ರಶ್ನೆಯೇ. ಬಹಳ ಜನ ಮೆಕ್ಯಾನಿಕ್‌ಗಳು ಕೂಡ ಇಲ್ಲೇ ಎಡವುತ್ತಾರೆ. ನಾನು ಮೊಮ್ಮಗಳಿಗೆ ಲೆಕ್ಕ ಕೊಟ್ಟೆ. ಮನೆಯಲ್ಲಿ 60 ವ್ಯಾಟಿನ ಬಲ್ಬ್ ಉರಿಯಲು ಎಷ್ಟು ಆಂಪಿಯರ್? 60ನ್ನು 230ರಿಂದ ಭಾಗಿಸು: ಕಾಲು ಆಂಪಿಯರ್. ಅದೇ 60 ವ್ಯಾಟ್ ಟ್ರಾಕ್ಟರಿನಲ್ಲಿ? 60ನ್ನು 12ರಿಂದ ಭಾಗಿಸು: 5 ಆಂಪಿಯರ್. "ಅಯ್ಯೋ, ಅದೇ ಬಲ್ಬಿಗೆ ಇಪ್ಪತ್ತರಷ್ಟು!" ಅಂದಳು. ಶಾಕ್ ಹೊಡೆಸುವುದು ವೋಲ್ಟಿನ ಕೆಲಸ, ವೈರನ್ನು ಕಾಯಿಸುವುದು ಆಂಪಿಯರಿನ ಕೆಲಸ. ಅದೂ ಹೇಗೆ, ಆಂಪಿಯರ್ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು.

ಅಳಿಯ ರೈತ. ಅವನಿಗೆ ನೀರಿನ ಭಾಷೆಯಲ್ಲಿ ಹೇಳಿದೆ. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಕಾವೇರಿ ನೀರು ನೂರು ಮೀಟರಿಗೂ ಹೆಚ್ಚು ಕೆಳಕ್ಕೆ ಕಬ್ಬಿಣದ ಪೈಪುಗಳೊಳಗೆ ಧುಮುಕುತ್ತದೆ. ಎತ್ತರ ಇರುವುದರಿಂದ ಪೈಪಿನಷ್ಟು ಜಾಗ ಸಾಕು. ನಮ್ಮ ವಿ.ಸಿ. ನಾಲೆ? ಇಳಿಜಾರು ಕಣ್ಣಿಗೇ ಕಾಣುವುದಿಲ್ಲ, ನೀರು ಸಾವಧಾನವಾಗಿ ನಡೆಯಬೇಕು. ಅದಕ್ಕೇ ಅಷ್ಟು ಅಗಲ. ವೋಲ್ಟ್ ಅಂದರೆ ಎತ್ತರ, ವೈರಿನ ದಪ್ಪ ಅಂದರೆ ನಾಲೆಯ ಅಗಲ. ಹನ್ನೆರಡು ವೋಲ್ಟಿನವರು ಬಯಲಲ್ಲಿ ನೀರು ಸಾಗಿಸುವವರು, ಕಾಲುವೆ ಅಗಲ ಇರಲೇಬೇಕು. ಕಿರಿದಾದರೆ ಏನಾಗುತ್ತದೆ ಅಂತ ಅವನಿಗೆ ನಾನು ಹೇಳಬೇಕಿಲ್ಲ. ಕೊನೆ ಭಾಗದ ಗದ್ದೆಗೆ ನೀರು ತಲುಪುವುದಿಲ್ಲ. "ನನ್ ಹೆಡ್‌ಲೈಟು ಕೊನೆ ಭಾಗ್ದ ರೈತ ಅನ್ನಿ" ಅಂದ.

ಶಿವನಸಮುದ್ರದ ಮಾತು ಬಂತಲ್ಲ, ಮಕ್ಕಳಿಗೆ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಆ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ದೂರ ಸುಮಾರು 147 ಕಿಲೋಮೀಟರ್. ಕಡಿಮೆ ವೋಲ್ಟಿನಲ್ಲಿ ಕಳಿಸಿದ್ದರೆ ಮರದ ಬೊಡ್ಡೆಯಂಥ ತಂತಿ ಬೇಕಾಗುತ್ತಿತ್ತು, ಗಣಿಯ ಚಿನ್ನವೆಲ್ಲ ತಾಮ್ರ ಕೊಳ್ಳುವುದಕ್ಕೇ ಸರಿಹೋಗುತ್ತಿತ್ತು. ಅದಕ್ಕೆ ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿ, ಸಾಮಾನ್ಯ ದಪ್ಪದ ತಂತಿಯಲ್ಲಿ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿದ್ದೂ ಅದೇ ಕರೆಂಟಿನಲ್ಲಿ. ಬೇಸಿಗೆಯಲ್ಲೂ ಆ ಕೇಂದ್ರಕ್ಕೆ ನೀರು ತಪ್ಪಬಾರದು ಅನ್ನುವುದು ಕನ್ನಂಬಾಡಿ ಕಟ್ಟೆ ಕಟ್ಟಿದ್ದಕ್ಕೆ ಒಂದು ಕಾರಣ. ಶ್ರೀರಂಗಪಟ್ಟಣದ ಸೇತುವೆ ಮೇಲೆ ನಿಂತು ನೀವು ನೋಡುವ ನೀರು ಮುಂದೆ ಹೋಗಿ ಈ ಕೆಲಸವನ್ನೂ ಮಾಡುತ್ತದೆ.

ಸರಿ, ನಮ್ಮ ಗಾಡಿಗೆ ಎಷ್ಟು ದಪ್ಪ? ಇದಕ್ಕೆ ಎರಡೇ ಸಂಗತಿ ತಿಳಿದರೆ ಸಾಕು. ತುದಿಯಲ್ಲಿರುವ ದೀಪ ಎಷ್ಟು ಆಂಪಿಯರ್ ಕೇಳುತ್ತದೆ, ಅದು ಎಷ್ಟು ದೂರ ಇದೆ. ಒಂದು ಸ್ಕ್ವೇರ್ ಎಂಎಂ ತಾಮ್ರದ ತಂತಿ ಒಂದು ಮೀಟರ್ ಉದ್ದ ಇದ್ದು, ಅದರಲ್ಲಿ ಒಂದು ಆಂಪಿಯರ್ ಹರಿದರೆ 0.017 ವೋಲ್ಟ್ ಸೋರುತ್ತದೆ. ಆಂಪಿಯರ್ ಏರಿದರೆ ಸೋರಿಕೆ ಏರುತ್ತದೆ, ಉದ್ದ ಏರಿದರೂ ಏರುತ್ತದೆ, ದಪ್ಪ ಏರಿದರೆ ಇಳಿಯುತ್ತದೆ. ದೀಪದ ವೈರಿನಲ್ಲಿ ನೂರಕ್ಕೆ ಮೂರಕ್ಕಿಂತ ಹೆಚ್ಚು ಸೋರಬಾರದು ಅನ್ನುವುದು ನನ್ನ ಲೆಕ್ಕ. ಹನ್ನೆರಡು ವೋಲ್ಟಿಗೆ ಅದು 0.36.

ಮೊಮ್ಮಗಳು ಬ್ಯಾಟರಿಯಿಂದ ಹೆಡ್‌ಲೈಟಿನವರೆಗೆ ವೈರು ಹೋಗುವ ದಾರಿಯಲ್ಲೇ, ಸೊಟ್ಟ ಬಳಸೆಲ್ಲ ಸೇರಿಸಿ, ಹಗ್ಗ ಹಿಡಿದು ಅಳೆದಳು. ಮೂರೂವರೆ ಮೀಟರ್. ಎರಡು ದೀಪ, ಒಂದೊಂದೂ 55 ವ್ಯಾಟ್, ಒಟ್ಟು ಸುಮಾರು 9 ಆಂಪಿಯರ್. ಹಳೆಯ ಮುಕ್ಕಾಲು ಎಂಎಂ ವೈರಿಗೆ ಲೆಕ್ಕ ಹಾಕಿದಳು: 0.71 ವೋಲ್ಟ್ ವೈರಿನಲ್ಲೇ ಖೋತಾ. ಒಂದು ಎಂಎಂ ಹಾಕಿದರೆ 0.54, ಅದೂ ಸಾಲದು. ಎರಡು ಎಂಎಂ ಹಾಕಿದರೆ 0.27. ಪಾಸು.

ಅಂಗಡಿಯಲ್ಲಿ ಗಾಡಿ ವೈರಿನ ಸುರುಳಿ ಮೇಲೆ ಎರಡು ಎಂಎಂ ಅಂತ ಇರಲಿಲ್ಲ, 28/0.30 ಅಂತ ಇತ್ತು. ಅಂದರೆ 0.30 ಮಿಲಿಮೀಟರ್ ಅಡ್ಡಳತೆಯ 28 ಎಳೆ. "ಶಾಲೇಲಿ ವೃತ್ತದ ವಿಸ್ತೀರ್ಣ ಆಗಿದ್ಯಲ್ಲ, ಕಂಡುಹಿಡಿ ನೋಡಣ ಮಗ" ಅಂದೆ. ಅಂಗಡಿಯವರ ಬಿಲ್ ಪುಸ್ತಕದ ಹಿಂದೆಯೇ ಬರೆದಳು. ತ್ರಿಜ್ಯ 0.15, ಅದರ ವರ್ಗಕ್ಕೆ 3.14ರಿಂದ ಗುಣಿಸಿದರೆ ಒಂದು ಎಳೆಗೆ 0.0707, ಇಪ್ಪತ್ತೆಂಟರಿಂದ ಗುಣಿಸಿದರೆ 1.98. "ಎರಡೇ ತಾತಾ!" ಅಂಗಡಿಯವರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಹಾಗೆಯೇ 14 ಎಳೆಯದು ಒಂದು, 44 ಎಳೆಯದು ಮೂರು.

ಮನೆ ವೈರಿಂಗಿನ ವೈರನ್ನೇ ಯಾಕೆ ಹಾಕಬಾರದು ಅಂತ ಕೆಲವರು ಕೇಳುತ್ತಾರೆ. ಗೋಡೆ ನಡುಗುವುದಿಲ್ಲ, ಟ್ರಾಕ್ಟರ್ ನಡುಗುವುದನ್ನು ಬಿಟ್ಟು ಬೇರೆ ಮಾಡುವುದಿಲ್ಲ. ದಪ್ಪನೆಯ ಕೆಲವೇ ಎಳೆ ಇದ್ದರೆ ಬಾಗಿ ಬಾಗಿ ಒಳಗೊಳಗೇ ಮುರಿಯುತ್ತವೆ. ಸಣ್ಣ ಎಳೆ ಬಹಳ ಇರುವ ವೈರು ಬಾಳೆ ನಾರಿನ ಹಾಗೆ ಬಳುಕುತ್ತದೆ. ಇದೇ ಕಾರಣಕ್ಕೆ, ಇಂಡಿಕೇಟರಿನಂಥ ಬಡಪಾಯಿ ಬಲ್ಬುಗಳಿಗೆ ಲೆಕ್ಕದಲ್ಲಿ ಅರ್ಧ ಎಂಎಂ ಸಾಕಾದರೂ ನಾನು ಒಂದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕರೆಂಟನ್ನು ತಡೆದರೂ ಅದು ಕುಲುಕಾಟವನ್ನು ತಡೆಯದು. ಇನ್ನೊಂದು ಎಚ್ಚರಿಕೆ: ಅಗ್ಗದ ವೈರನ್ನು ಚಾಕುವಿನಲ್ಲಿ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ ಇದ್ದು ಒಳಗೆ ಬೆಳ್ಳಗಿದ್ದರೆ ಅದು ಅಲ್ಯುಮಿನಿಯಂ. ಅದೇ ದಪ್ಪಕ್ಕೆ ಅದರಲ್ಲಿ ಸೋರಿಕೆ ತಾಮ್ರದ ಒಂದೂವರೆಗಿಂತ ಹೆಚ್ಚು ಪಟ್ಟು. ಕಂಚು ಹಿತ್ತಾಳೆ ಎರಕಕ್ಕೆ ಹೆಸರಾದ ನಾಗಮಂಗಲದಲ್ಲಿ ಕೊಂಡ ಗಾಡಿಗೆ ಲೋಹ ನೋಡದೆ ವೈರು ಹಾಕುವುದು ಶೋಭೆಯಲ್ಲ ಅಂತ ಅಳಿಯನನ್ನು ಛೇಡಿಸಿದೆ.

ಸೆಲ್ಫ್ ಮೋಟರಿನ ಕೇಬಲ್ಲಿನ ಕಥೆ ಬೇರೆಯೇ. ಇಂಜಿನ್ ತಿರುಗಿಸುವ ಆ ಎರಡು ಮೂರು ಸೆಕೆಂಡಿನಲ್ಲಿ ಅದು ನೂರೈವತ್ತು, ಇನ್ನೂರು ಆಂಪಿಯರ್ ಎಳೆಯುತ್ತದೆ. ಅಲ್ಲಿ ಎಳೆ ಎಣಿಸುವ ಮಾತಿಲ್ಲ. ಹೆಬ್ಬೆರಳು ದಪ್ಪದ 35 ಎಂಎಂ ಕೇಬಲ್ ತಂದು, ಆದಷ್ಟೂ ಗಿಡ್ಡವಾಗಿ ಕತ್ತರಿಸಿ, ಎರಡೂ ತುದಿಗೆ ಲಗ್ ಹಾಕಿ ಒತ್ತಿಸಿದೆವು. ಬೆಳಿಗ್ಗೆ ಚಳಿಯಲ್ಲಿ ಕಟಕಟ ಅನ್ನುತ್ತಿದ್ದ ಗಾಡಿ ಒಂದೇ ಹೊಡೆತಕ್ಕೆ ಎದ್ದಿತು.

ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ತುದಿ ಬಿಚ್ಚಿಟ್ಟೆವು, ಮೊಮ್ಮಗಳ ಕೈಯ ಲೋಹದ ಬಳೆಯನ್ನೂ ತೆಗೆಸಿದೆ. ಹನ್ನೆರಡು ವೋಲ್ಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಬ್ಯಾಟರಿಯ ಎರಡು ಬಾಯಿಗೆ ಅಡ್ಡ ಬಿದ್ದ ಬಳೆ ಕ್ಷಣದಲ್ಲಿ ಕೆಂಡವಾಗುತ್ತದೆ. ಮಕ್ಕಳೇ, ದೊಡ್ಡವರು ಪಕ್ಕದಲ್ಲಿ ಇಲ್ಲದೆ ಬ್ಯಾಟರಿಗೆ ಕೈ ಹಾಕಬೇಡಿ.

ಎರಡು ದಿನದಲ್ಲಿ ಎಳೆದು ಮುಗಿಸಿದೆವು. ಟೇಪು ಸುತ್ತಿದ ಗಂಟು ಒಂದೂ ಇಲ್ಲ. ಹೆಡ್‌ಲೈಟಿಗೆ ರಿಲೇ ಹಾಕಿದೆವು. ಸ್ವಿಚ್ಚಿಗೆ ಸಣ್ಣ ವೈರು, ದೀಪಕ್ಕೆ ದಪ್ಪ ವೈರು. ಸ್ವಿಚ್ಚು ರಿಲೇಗೆ ಹೇಳುತ್ತದೆ, ಭಾರ ಹೊರುವುದು ರಿಲೇ. ಫ್ಯೂಸುಗಳು ಬಣ್ಣದ ಮೇಲೆ ಗುರುತು: ಹೆಡ್‌ಲೈಟಿಗೆ ನೀಲಿ, ಅದು 15 ಆಂಪಿಯರ್, ಹಾರನ್ನಿಗೆ ಕೆಂಪು, ಅದು 10. ದೀಪದಿಂದ ಕರೆಂಟು ಹಿಂದಿರುಗುವುದು ಗಾಡಿಯ ಮೈಯಿಂದಲೇ ಆದ್ದರಿಂದ ಅರ್ತ್ ಬೋಲ್ಟುಗಳ ಕೆಳಗಿನ ಬಣ್ಣ, ತುಕ್ಕು ಎಲ್ಲ ಉಜ್ಜಿ ಹೊಳೆಯಿಸಿದೆವು. ಕಳೆದುಹೋಗಿದ್ದ ಎರಡು ವೋಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಈ ತುಕ್ಕು ಮತ್ತು ಆ ಗಂಟುಗಳಲ್ಲೇ ಇತ್ತು. ವೈರನ್ನೆಲ್ಲ ಪೈಪಿನೊಳಗೆ ತೂರಿಸಿದ್ದು ಇಲಿಗಳ ಮೇಲಿನ ಗೌರವಕ್ಕೆ. ಕೊನೆಗೆ ಮೀಟರ್ ಇಟ್ಟರೆ ಬ್ಯಾಟರಿಯಲ್ಲಿ 12.4, ಹೆಡ್‌ಲೈಟಿನಲ್ಲಿ 12.0. ಅವತ್ತು ರಾತ್ರಿ ಲೈಟ್ ಹಾಕಿದಾಗ ಬೀದಿಯ ಕೊನೆಯಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು. ಮಗಳು ಬಾಗಿಲಲ್ಲೇ ನಿಂತು ನೋಡಿದಳು, ಏನೂ ಹೇಳಲಿಲ್ಲ. ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದಳು.

ಟ್ರೇಲರಿನ ಹಿಂದಿನ ದೀಪ ಇನ್ನೂ ಬಾಕಿ. ಕಬ್ಬು ತುಂಬಿ ಕತ್ತಲಲ್ಲಿ ನಿಂತ ಟ್ರೇಲರಿಗೆ ಹಿಂದಿನಿಂದ ಬೈಕಿನವರು ಬಂದು ಬಡಿಯುವುದು ನಮ್ಮ ಕಡೆ ಹೊಸದಲ್ಲ. ಎರಡು ಬ್ರೇಕ್ ಲೈಟು, ಒಂದೊಂದೂ 21 ವ್ಯಾಟ್, ಒಟ್ಟು ಮೂರೂವರೆ ಆಂಪಿಯರ್. ಹೆಡ್‌ಲೈಟಿನ ಅರ್ಧವೂ ಇಲ್ಲ. "ಇದಕ್ಕೆ ಒಂದು ಎಂಎಂ ಧಾರಾಳ ಅಲ್ವಾ ಮಾವ?" ಅಂದ ಅಳಿಯ. ಮೊಮ್ಮಗಳು ಅಷ್ಟರಲ್ಲಿ ಹಗ್ಗ ಹಿಡಿದು ಬ್ಯಾಟರಿಯಿಂದ ಟ್ರೇಲರಿನ ಬಾಲದವರೆಗೆ ಅಳೆದಾಗಿತ್ತು. ಒಂಬತ್ತು ಮೀಟರ್. ಆಮೇಲೆ ಕೊಂಡಿಯ ಹತ್ತಿರ ಕೂತು, ಗ್ರೀಸು ಮೆತ್ತಿದ ಆ ಪಿನ್ನನ್ನು ಅಲ್ಲಾಡಿಸಿ ನೋಡಿದಳು. ಅದು ಗಡಗಡ ಅಂತ ಆಡುತ್ತಿತ್ತು.

"ತಾತಾ, ಇಲ್ಲಿ ಗಾಡಿ ಮೈಯನ್ನ ನಂಬಕ್ಕಾಗಲ್ಲ. ವಾಪಸ್ ಬರಕ್ಕೂ ಬೇರೆ ವೈರ್ ಬೇಕು. ಹೋಗೋದು ಒಂಬತ್ತು, ಬರೋದು ಒಂಬತ್ತು, ಹದಿನೆಂಟು."

ನಾನು ಹೇಳಿಕೊಟ್ಟಿರಲಿಲ್ಲ. ಲೆಕ್ಕವನ್ನೂ ಅವಳೇ ಮಾಡಿದಳು. ಒಂದು ಎಂಎಂಗೆ 1.07 ವೋಲ್ಟ್ ನಷ್ಟ, ಎರಡಕ್ಕೆ 0.54, ಮೂರಕ್ಕೆ 0.36. ಆ ಪುಟ್ಟ ಕೆಂಪು ದೀಪಕ್ಕೆ ಹೆಡ್‌ಲೈಟಿಗಿಂತ ದಪ್ಪ ವೈರು. ಅಳಿಯ ಚೀಟಿಯನ್ನು ಎರಡು ಸಲ ಓದಿ, ಮಡಚಿ ಜೇಬಿಗೆ ಹಾಕಿಕೊಂಡ. 44 ಎಳೆಯ ವೈರು ಇಪ್ಪತ್ತು ಮೀಟರ್ ತರಲು ಅವನು ಪೇಟೆಗೆ ಹೋಗಿದ್ದಾನೆ. ಭಾನುವಾರ ಎಳೆಯುತ್ತೇವೆ.